ಔಟ್‌ಸೈಡ್ ಅಜ್ಜಿ

ಅಮೆರಿಕದ ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸಿನ ನೆಲದಲ್ಲಿ ಬಾಳೆ ಬೆಳೆದು ತೋರಿಸುತ್ತೇನೆ ಎಂದು ಸಂಗಮೇಶ್ ಘೋಷಿಸಿದಾಗ ಅವರ ಬಾಯಲ್ಲಿ ಅರ್ಧ ಚಿರೋಟಿ ಇತ್ತು. ಬಾಯಲ್ಲಿ ಚಿರೋಟಿ ಇಟ್ಟುಕೊಂಡು ಆಡಿದ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬಾರದು. ಆದರೆ ನಮ್ಮ ಕನ್ನಡ ಸಂಘದವರು ತೆಗೆದುಕೊಂಡರು. ಸಂಘದ ಕಾರ್ಯದರ್ಶಿಯಾದ ನಾನು ಅದನ್ನು ಮೈಕಿನಲ್ಲಿ ಹೇಳಿಯೂ ಬಿಟ್ಟೆ. ಈ ಕಥೆಯಲ್ಲಿ ನನ್ನ ತಪ್ಪುಗಳು ಎರಡು. ಇದು ಮೊದಲನೆಯದು.

ಅದು ಗಣೇಶನ ಹಬ್ಬದ ಊಟ. ಹುಬ್ಬಳ್ಳಿ ಕಡೆಯ ಷರೀಫ್ ಭಾಯಿ ಇಲ್ಲಿ ಇಂಡಿಯನ್ ಅಂಗಡಿ ಇಟ್ಟಿದ್ದಾರೆ. ಪ್ರತಿ ವರ್ಷದಂತೆ ಆ ವರ್ಷವೂ ಫ್ರೋಜನ್ ಬಾಳೆ ಎಲೆ ಅವರದೇ. ಫ್ರೋಜನ್ ಎಲೆ ಕರಗಿದ ಮೇಲೆ ಹೇಗಿರುತ್ತದೆಂದರೆ, ಒದ್ದೆ ಕಾರ್ಬನ್ ಪೇಪರಿನ ಹಾಗೆ. ಸಂಗಮೇಶ್ ಅನ್ನದ ಕಟ್ಟೆ ಕಟ್ಟಿ ಸಾರನ್ನು ತಡೆಯಲು ಹೋದರು; ಕಟ್ಟೆ ನಿಂತಿತು, ಎಲೆ ಹರಿಯಿತು, ಸಾರು ಅವರ ರೇಷ್ಮೆ ಪಂಚೆಗೆ ಇಳಿಯಿತು.

"ಷರೀಫ್ ಭಾಯಿ, ಇದು ಎಲಿ ಏನ್ರಿ? ಮುಂದಿನ ವರ್ಷ ಗಣೇಶನ ಊಟಕ್ಕ ಎಲಿ ನಮ್ಮ ಹಿತ್ತಲದ್ದು. ಹಸೀ ಎಲಿ!"

"ಬಾಳಿ ಬೇಸಿಗ್ಯಾಗ ಎಲ್ಲಾರ ಮನ್ಯಾಗೂ ಬರ್ತೈತಿ ಅಣ್ಣಾರ. ಚಳಿಗಾಲಕ್ಕ ಗ್ಯಾರೇಜಿನಾಗ ಇಡ್ತೀರಿ?"

"ಗ್ಯಾರೇಜ್ ಯಾಕ? ಹೊರಗ. ನೆಲದಾಗ."

"ಜನವರಿಯಾಗ ಇಲ್ಲಿ ನನ್ನ ಮೀಸಿನೇ ಹೆಪ್ಪುಗಟ್ತೈತ್ರಿ!"

"ನಿಮ್ಮ ಮೀಸಿಗೆ ಹೀಟರ್ ಇಲ್ಲ. ನನ್ನ ಬಾಳಿಗೆ ಇರ್ತೈತಿ" ಎಂದರು ಸಂಗಮೇಶ್. ಚಿರೋಟಿಯ ಪುಡಿ ಷರೀಫ್ ಭಾಯಿಯ ಮೇಲೆ ಹಾರಿತು.

ಈ ಮಾತಿಗೆ ಆಧಾರ ಇಲ್ಲದಿರಲಿಲ್ಲ. ಸಂಗಮೇಶ್ ರಾಚೆಸ್ಟರ್ ಹಿಲ್ಸಿನ ಒಂದು ಕಂಪನಿಯಲ್ಲಿ ಎಂಜಿನಿಯರ್. ಕಾರಿನ ಸೀಟಿನೊಳಗೆ ಕೂರಿಸುವ ಹೀಟರ್ ಅವರ ವಿಭಾಗ. ಹದಿನೆಂಟು ವರ್ಷದಿಂದ ಅರ್ಧ ಅಮೆರಿಕದ ಬುಡ ಬೆಚ್ಚಗಿಟ್ಟವನಿಗೆ ಒಂದು ಬಾಳೆಯ ಬುಡ ಬೆಚ್ಚಗಿಡುವುದು ಯಾವ ಮಹಾ ಕೆಲಸ ಎಂಬುದು ಅವರ ವಾದ. ಹಿತ್ತಲಿನಲ್ಲಿ ಆಗಲೇ ಏಳಡಿ ಎತ್ತರದ ಬಾಳೆ ಇತ್ತು. ಚಳಿ ತಡೆಯುವ ಜಪಾನಿನ ಜಾತಿ, ಆನ್‌ಲೈನಲ್ಲಿ ತರಿಸಿದ್ದು.

ಅವರ ಅತ್ತೆ ಶಿವಕ್ಕ ವಿಜಯಪುರದಿಂದ ಬಂದು ಮಗಳ ಮನೆಯಲ್ಲಿ ಆರು ತಿಂಗಳಾಗಿತ್ತು. ಅವರ ಅಭಿಪ್ರಾಯ ಬೇರೆ. ಅಕ್ಟೋಬರಿನಲ್ಲಿ, ದೀಪಾವಳಿಯ ದಿನ, "ಅಳಿಯಂದ್ರ, ಹಿಮದಾಗ ಬಾಳಿ ಹಚ್ಚೂದಂದ್ರ ಒಲಿಯಾಗ ಮೀನ ಸಾಕಿದಂಗ" ಎಂದರು. ಅಳಿಯನ ಮುಖ ಊದಿಕೊಂಡಿತು. ಅದಾಗಿ ವಾರಕ್ಕೆ ಶಿವಕ್ಕ ಚಿಕಾಗೋ ಹತ್ತಿರದ ಓಕ್ ಬ್ರೂಕಿಗೆ, ಮಗ ರಾಜಶೇಖರನ ಮನೆಗೆ ಹೊರಟುಹೋದರು. ಮೊದಲೇ ನಿಗದಿಯಾಗಿದ್ದ ಪ್ರಯಾಣ ಎಂದು ಸಂಗಮೇಶರ ಹೆಂಡತಿ ಡಾಕ್ಟರ್ ಚೇತನಾ ಎಲ್ಲರಿಗೂ ಹೇಳಿದರು. ಒಂದು ಸಲ ಹೇಳಿದ್ದರೆ ನಂಬುತ್ತಿದ್ದೆವು.

ನವೆಂಬರಿನಲ್ಲಿ ಮೊದಲ ಹಿಮ ಬಿತ್ತು. ಎಲೆಗಳೆಲ್ಲ ಒಂದೇ ದಿನಕ್ಕೆ ಬೆಂದ ಪಾಲಕ್ಕಿನಂತಾದವು. ಸಂಗಮೇಶ್ ಎಲೆಗಳನ್ನು ಸವರಿ, ಮೇಲಿನ ಭಾಗ ಕಡಿದು, ಐದಡಿ ದಿಂಡನ್ನು ಉಳಿಸಿಕೊಂಡರು. ಸುತ್ತ ತಂತಿಬಲೆ ಕಟ್ಟಿ ಒಳಗೆ ಒಣಗಿದ ಓಕ್ ಎಲೆ ತುಂಬಿದರು. ಎಲೆಗಳ ನಡುವೆ ಆಫೀಸಿನಲ್ಲಿ ಪರೀಕ್ಷೆ ಪಾಸಾಗದ ನಾಲ್ಕು ಸೀಟ್ ಹೀಟರ್. ಚಳಿ ಹೆಚ್ಚಾದಾಗ ತಾನೇ ಹೊತ್ತಿಕೊಂಡು, ಸಾಕಾದಾಗ ತಾನೇ ಆರುವ ಏರ್ಪಾಡು. ಇನ್ನು ಹೊದಿಕೆ. ಟಾರ್ಪಾಲು ಸಾಲಲಿಲ್ಲ. ಅಂಗಡಿಗೆ ಹೋಗಲು ಬೇಸರವಾಗಿ ಒಳಗಿನ ಕಪಾಟು ತೆಗೆದರು. ಅಲ್ಲಿ ಶಿವಕ್ಕ ಹಳೇ ಇಳಕಲ್ ಸೀರೆಗಳನ್ನು ಸೇರಿಸಿ ಕೈಯಲ್ಲೇ ಹೊಲಿದ ನಾಲ್ಕು ಕೌದಿಗಳಿದ್ದವು.

ನಾಲ್ಕನ್ನೂ ಸುತ್ತಿದರು. ತುದಿಗೆ ನೀರು ಇಳಿಯದಂತೆ ಒಂದು ಬಕೆಟ್ ಬೋರಲು ಹಾಕಿ, ಬಕೆಟ್ ಹಾರದಂತೆ ಅದಕ್ಕೊಂದು ಶಾಲು ಬಿಗಿದರು. ದೂರ ನಿಂತು ನೋಡಿದರು. ತುಂಬ ಚೆನ್ನಾಗಿ ಕಂಡಿತು. ಹತ್ತು ವರ್ಷದ ಮಗಳು ಜಾನ್ವಿ ಕಿಟಕಿಯಿಂದ ನೋಡಿ, "ಡ್ಯಾಡ್, ಇಟ್ ಲುಕ್ಸ್ ಲೈಕ್ ಅಜ್ಜಿ" ಎಂದಳು. ಅಂದಿನಿಂದ ಮನೆಯಲ್ಲಿ ಅದರ ಹೆಸರು ಔಟ್‌ಸೈಡ್ ಅಜ್ಜಿ.

ಶಿವಕ್ಕ ಜೂನಿನಿಂದ ಅಕ್ಟೋಬರಿನವರೆಗೆ ದಿನಾ ಬೆಳಿಗ್ಗೆ ತಲೆತುಂಬ ಶಾಲು ಹೊದ್ದು, ಸರಿಯಾಗಿ ಆ ಬಾಳೆಯ ಮಗ್ಗುಲಲ್ಲೇ, ಸೂರ್ಯನಿಗೆ ಮುಖ ಮಾಡಿ ಹದಿನೈದು ನಿಮಿಷ ನಿಲ್ಲುತ್ತಿದ್ದರು. ಇದನ್ನು ಮನೆಯವರು ಮರೆತಿದ್ದರು. ಪಕ್ಕದ ಮನೆಯ ಡಾರ್ಲೀನ್ ಮರೆತಿರಲಿಲ್ಲ. ಆಕೆ ಎಪ್ಪತ್ತು ದಾಟಿದ ನಿವೃತ್ತ ನರ್ಸ್, ಒಂಟಿ. ಶಿವಕ್ಕನಿಗೆ ಇಂಗ್ಲಿಷ್ ಬಾರದು, ಡಾರ್ಲೀನಿಗೆ ಕನ್ನಡ ಬಾರದು. ದಿನಾ ಬೆಳಿಗ್ಗೆ ಇವರು ಇಲ್ಲಿಂದ ಕೈ ಬೀಸುವುದು, ಅವರು ಅಲ್ಲಿಂದ ಕೈ ಬೀಸುವುದು. ಐದು ತಿಂಗಳ ಗೆಳೆತನ ಪೂರ್ತಿ ಇಷ್ಟೇ. ಆದರೂ ಗಟ್ಟಿ.

ಅಕ್ಟೋಬರ್ ಮಧ್ಯದಲ್ಲಿ ಡಾರ್ಲೀನಿಗೆ ಮಂಡಿ ಆಪರೇಷನ್ ಆಯಿತು. ಆರು ವಾರ ಮಗಳ ಮನೆಯಲ್ಲಿದ್ದು ತಿರುಗಿ ಬಂದು, ಅಡಿಗೆಮನೆ ಕಿಟಕಿಯಿಂದ ನೋಡುತ್ತಾರೆ, ಹಿಮದ ನಡುವೆ ಶಾಲು ಹೊದ್ದ ಗೆಳತಿ ನಿಂತಿದ್ದಾರೆ! ಕೈ ಬೀಸಿದರು. ಗೆಳತಿ ಬೀಸಲಿಲ್ಲ. ಸಂಜೆಗೂ ಅಲ್ಲೇ. ಮರುದಿನವೂ ಅಲ್ಲೇ. ಮೇಲಾಗಿ, ಬೆಳಗಿನ ಚಳಿಗೆ ಹೀಟರ್ ಹೊತ್ತಿಕೊಂಡಾಗ ಶಾಲಿನ ಸಂದಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ನಲವತ್ತು ವರ್ಷ ನರ್ಸ್ ಆಗಿದ್ದವರಿಗೆ ಅದು ಉಸಿರು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಡಿಸೆಂಬರಿನ ಒಂದು ದಿನ ಬೇಲಿಯ ಹತ್ತಿರ ಸಂಗಮೇಶ್ ಸಿಕ್ಕರು. ಮುಂದಿನ ಸಂಭಾಷಣೆ ನಡೆದದ್ದು ಇಂಗ್ಲಿಷಿನಲ್ಲಿ. ಬಾಳೆ ಕನ್ನಡದಲ್ಲಿ ನಪುಂಸಕಲಿಂಗ. ಕನ್ನಡದಲ್ಲಿ ಮಾತಾಡಿದ್ದರೆ ಮೊದಲ ವಾಕ್ಯಕ್ಕೇ ಎಲ್ಲ ಇತ್ಯರ್ಥವಾಗುತ್ತಿತ್ತು. ಆದರೆ ಅಮೆರಿಕದವರು ಕಾರು, ದೋಣಿ, ಯಂತ್ರ ಎಲ್ಲವನ್ನೂ 'ಅವಳು' ಎನ್ನುವುದನ್ನು ಆಫೀಸಿನಲ್ಲಿ ಕೇಳಿ ಕೇಳಿ ಸಂಗಮೇಶ್ ಕೂಡ ಕಲಿತಿದ್ದರು.

"ಅವಳು ಇಷ್ಟು ಚಳೀಲಿ ಹೊರಗೇ ಇದಾಳಲ್ಲ, ಏನೂ ಆಗಲ್ವಾ?" ಎಂದರು ಡಾರ್ಲೀನ್.

ಗಿಡದ ಮೇಲೆ ಎಂಥ ಕಾಳಜಿ ಎಂದು ಸಂಗಮೇಶರ ಎದೆ ತುಂಬಿ ಬಂತು. "ಏನೂ ಆಗಲ್ಲ. ಏಪ್ರಿಲ್‌ವರೆಗೂ ಅಲ್ಲೇ ನಿಲ್ತಾಳೆ."

"ಒಳಗೆ ಕರಕೊಂಡು ಹೋಗಬಾರದಾ?"

"ಒಳಗಿಟ್ರೆ ಮೆತ್ತಗಾಗ್ತಾಳೆ. ಹೊರಗಿದ್ರೇನೇ ಗಟ್ಟಿ. ತಲೆ ಮೇಲಿಂದೆಲ್ಲ ಆಗಲೇ ಬೋಳಿಸಿದೀನಿ."

"ಊಟ?"

"ಚಳಿಗಾಲದಲ್ಲಿ ಊಟ ಬೇಡ. ನೀರಂತೂ ಕೊಡಲೇಬಾರದು."

"ನಿಮ್ಮ ಹೆಂಡತಿ ಡಾಕ್ಟರ್ ಅಲ್ವಾ? ಅವರೇನಂತಾರೆ?"

"ಅವಳಿಗೆ ಇದರಲ್ಲಿ ಆಸಕ್ತಿ ಇಲ್ಲ. ಸತ್ರೆ ಸಾಯ್ಲಿ ಬಿಡಿ ಅಂತಾಳೆ."

ಡಾರ್ಲೀನ್ ಬೇಲಿ ಹಿಡಿದುಕೊಂಡರು. "ಸತ್ತರೆ?"

"ಸತ್ತರೆ ಬೇರೆ ತರಿಸ್ತೀನಿ" ಎಂದು ಸಂಗಮೇಶ್ ಧೈರ್ಯ ಹೇಳಿದರು. "ಆನ್‌ಲೈನಲ್ಲಿ ಸಿಗ್ತಾವೆ."

ಅಂದೇ ಡಾರ್ಲೀನ್ ಪೊಲೀಸರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಆಕೆ ಒಳ್ಳೆಯ ಹೆಂಗಸು. ಬೇರೆಯವರ ಆಚಾರ ವಿಚಾರಕ್ಕೆ ಮೂಗು ತೂರಿಸಬಾರದೆಂದು ನಂಬಿದವರು. ಲೈಬ್ರರಿಗೆ ಹೋಗಿ ಭಾರತದ ಮೇಲೆ ಒಂದು ಪುಸ್ತಕ ತಂದರು. ಅದರಲ್ಲಿ ಒಂಟಿಕಾಲಲ್ಲಿ ಹನ್ನೆರಡು ವರ್ಷ ನಿಂತ ಸಾಧುವೊಬ್ಬರ ಚಿತ್ರವಿತ್ತು. ಗೆಳತಿ ಎರಡೂ ಕಾಲಲ್ಲಿ ನಿಂತಿದ್ದಾಳಲ್ಲ ಎಂದು ಅಷ್ಟಕ್ಕೆ ಸಮಾಧಾನಪಟ್ಟುಕೊಂಡು ಕ್ರಿಸ್‌ಮಸ್ ಕಳೆದರು.

ಜನವರಿ ಎರಡನೇ ಶನಿವಾರ. ಫ್ಯಾರನ್‌ಹೀಟಿನಲ್ಲಿ ಸೊನ್ನೆ, ಅಂದರೆ ನಮ್ಮ ಊರಿನ ಲೆಕ್ಕದಲ್ಲಿ ಮೈನಸ್ ಹದಿನೆಂಟು. ವ್ರತವಾದರೂ ಸರಿ, ಗೆಳತಿ ಇಂದು ಏನಾದರೂ ಬಿಸಿಯಾಗಿ ಕುಡಿಯಲೇಬೇಕೆಂದು ಡಾರ್ಲೀನ್ ನಿರ್ಧರಿಸಿದರು. ದೊಡ್ಡ ಪಾತ್ರೆಯಲ್ಲಿ ಚಿಕನ್ ಸೂಪ್ ಮಾಡಿ, ವಾಕರಿನ ಸೀಟಿನ ಮೇಲಿಟ್ಟು ನೂಕುತ್ತ ಬೇಲಿಯ ತನಕ ಬಂದರು.

"ಅವಳಿಗೆ ಕೊಡಿ. ಬಿಸಿ ಇರುವಾಗಲೇ."

ಅಮೆರಿಕದವರು ಗುಲಾಬಿಗೆ ಕಾಫಿ ಪುಡಿ ಹಾಕುತ್ತಾರೆ, ಟೊಮೆಟೊಗೆ ಮೊಟ್ಟೆಯ ಸಿಪ್ಪೆ ಹಾಕುತ್ತಾರೆ. ಬಾಳೆಗೆ ಸೂಪು ಹಾಕುವುದೂ ಇರಬಹುದೆಂದು ಸಂಗಮೇಶ್ ಪಾತ್ರೆ ಇಸಿದುಕೊಂಡರು. ಅವರು ಶುದ್ಧ ಸಸ್ಯಾಹಾರಿ. ಬಾಳೆ ಏನು ಎಂಬ ಪ್ರಶ್ನೆ ಒಂದು ಗಳಿಗೆ ಕಾಡಿತು. ಕೋಳಿಗೊಬ್ಬರ ಹಾಕುವುದಿಲ್ಲವೇ, ಹಾಗೆಯೇ ಇದೂ ಎಂದು ಮೂಗು ಮುಚ್ಚಿಕೊಂಡು, ಒಂದು ಕೈಯಲ್ಲಿ ಬುಡದ ಸುತ್ತ ಸೂಪನ್ನು ಪೂರ್ತಿ ಸುರಿದರು. ನಾಲ್ಕು ಸಲ ತುಳಿದು ಮಣ್ಣು ಗಟ್ಟಿ ಮಾಡಿದರು. ಬೇಲಿಯ ಕಡೆ ತಿರುಗಿ ಹೆಬ್ಬೆರಳು ತೋರಿಸಿದರು.

ಹಸಿದ ಮುದುಕಿಯ ಕಾಲಿಗೆ ಕುದಿವ ಸೂಪು ಸುರಿದು ನಗುತ್ತಿರುವ ಅಳಿಯನನ್ನು ಕಂಡು ಡಾರ್ಲೀನರ ಸಾಂಸ್ಕೃತಿಕ ಸಹನೆ ಅಲ್ಲಿಗೆ ಮುಗಿಯಿತು.

ಒಂಬತ್ತು ನಿಮಿಷಕ್ಕೆ ಪೊಲೀಸು ಬಂತು. ಆಫೀಸರ್ ಕೊವಾಲ್ಸ್ಕಿ, ಆರಡಿ ನಾಲ್ಕಿಂಚು, ಮೃದು ಮಾತು. ಚೇತನಾ ಆಸ್ಪತ್ರೆಯಲ್ಲಿ ಡ್ಯೂಟಿಯ ಮೇಲಿದ್ದರು. ಬಾಗಿಲು ತೆಗೆದವಳು ಜಾನ್ವಿ.

"ನಿಮ್ಮ ಅಜ್ಜಿ ಎಲ್ಲಿ, ಪುಟ್ಟಿ?"

"ವಿಚ್ ಒನ್?" ಎಂದಳು ಜಾನ್ವಿ. ಸತ್ಯ ಹೇಳಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. "ಇನ್‌ಸೈಡ್ ಅಜ್ಜಿ ಈಸ್ ಇನ್ ಚಿಕಾಗೋ. ಔಟ್‌ಸೈಡ್ ಅಜ್ಜಿ ಈಸ್ ಪ್ಲಗ್ಡ್ ಇನ್."

ಆಫೀಸರ್ ಅವಳನ್ನೇ ನೋಡಿದರು.

"ಇಟ್ಸ್ ಓಕೇ. ಡ್ಯಾಡ್ ಪುಟ್ ಹರ್ ಆನ್ ಹೈ."

ಅಷ್ಟರಲ್ಲಿ ಸಂಗಮೇಶ್ ಖಾಲಿ ಪಾತ್ರೆ ಹಿಡಿದು ಹಿತ್ತಲಿಂದ ಬಂದರು. ಆಫೀಸರ್ ಅವರನ್ನು ದಾಟಿಕೊಂಡು ಹಿತ್ತಲಿಗೆ ಹೋಗಿ, ಕೌದಿಯ ಎದುರು ಟೋಪಿ ತೆಗೆದು, "ಮ್ಯಾಮ್? ಕೇಳಿಸ್ತಾ ಇದೆಯಾ ಮ್ಯಾಮ್?" ಎಂದರು. ಶಾಲಿನಿಂದ ಹಬೆ ಬಂತು. "ಉಸಿರಾಡ್ತಿದಾರೆ!" ಎಂದು ರೇಡಿಯೋದಲ್ಲಿ ಕೂಗಿ ಆಂಬುಲೆನ್ಸ್ ಕರೆಸಿದರು.

"ಸರ್, ಶೀ ಈಸ್ ಬನಾನಾ!" ಎಂದು ಸಂಗಮೇಶ್ ಅರಚಿದರು.

ಇಂಗ್ಲಿಷಿನಲ್ಲಿ ಯಾರನ್ನಾದರೂ ಬನಾನಾಸ್ ಎಂದರೆ ತಲೆ ಕೆಟ್ಟಿದೆ ಎಂದರ್ಥ. ಹದಿನೆಂಟು ವರ್ಷ ಸೀಟು ಕಾಯಿಸಿದ ಮಾತ್ರಕ್ಕೆ ಭಾಷೆಯ ಇಂಥ ಸೂಕ್ಷ್ಮಗಳು ಬರುವುದಿಲ್ಲ. "ತಲೆ ಸರಿ ಇಲ್ಲ ಅಂತ ಹೊರಗೆ ನಿಲ್ಲಿಸ್ತೀರಾ?" ಎಂದು ಆಫೀಸರ್ ಮೊದಲ ಬಾರಿಗೆ ದನಿ ಏರಿಸಿದರು.

ಆಂಬುಲೆನ್ಸಿನಿಂದ ಇಬ್ಬರು ಸ್ಟ್ರೆಚರ್ ಸಮೇತ ಓಡಿಬಂದರು. ಒಬ್ಬಳು ಕೌದಿಯ ಒಳಗೆ ಕೈ ತೂರಿಸಿ, "ಮೈ ಬೆಚ್ಚಗಿದೆ!" ಎಂದಳು. ಇನ್ನೊಬ್ಬ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿದ. ಒಳಗೆ ಹೀಟರಿನ ಸ್ವಿಚ್ಚು ಟಿಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್.

"ನಾಡಿ ಇದೆ. ನಿಮಿಷಕ್ಕೆ ನಾಲ್ಕು!"

ಕೌದಿ ಬಿಚ್ಚತೊಡಗಿದರು. "ಬಿಚ್ಚಬೇಡಿ! ಬಿಚ್ಚಿದ್ರೆ ಸಾಯ್ತಾಳೆ!" ಎಂದು ನುಗ್ಗಿದ ಸಂಗಮೇಶರನ್ನು ಆಫೀಸರ್ ಎರಡು ತೋಳಲ್ಲಿ ತಬ್ಬಿ ಹಿಡಿದರು. ಒಂದು ಕೌದಿ ಬಿಚ್ಚಿದರೆ ಒಳಗೆ ಇನ್ನೊಂದು. ಅದನ್ನು ಬಿಚ್ಚಿದರೆ ಮತ್ತೊಂದು. ಪ್ರತಿ ಕೌದಿಗೂ ಅಜ್ಜಿ ತೆಳ್ಳಗಾಗುತ್ತಾ ಹೋದರು. "ದೇವರೇ, ಎಷ್ಟು ದಿನದಿಂದ ಊಟ ಹಾಕಿಲ್ಲ ಇವರಿಗೆ?" ಎಂದು ಆ ಹುಡುಗಿ ಅಳತೊಡಗಿದಳು.

ಇದೇ ಹೊತ್ತಿಗೆ ನಾನು ಬಂದೆ. ಸಂಕ್ರಾಂತಿ ಕಾರ್ಯಕ್ರಮದ ಕುರ್ಚಿಗಳು ಸಂಗಮೇಶರ ಗ್ಯಾರೇಜಿನಲ್ಲಿದ್ದವು. ಮನೆ ಮುಂದೆ ಆಂಬುಲೆನ್ಸು. ಹಿತ್ತಲಲ್ಲಿ ಪೊಲೀಸಿನವರ ಎದೆಗೆ ಒರಗಿ "ಸಾಯ್ತಾಳೆ, ಸಾಯ್ತಾಳೆ" ಎಂದು ಗೋಳಿಡುವ ಸಂಗಮೇಶ್. ಹಿಮದ ಮೇಲೆ ಶಿವಕ್ಕನ ಕೌದಿಗಳು. ನನ್ನ ಎರಡನೇ ತಪ್ಪು ಇದು: ಇನ್ನೂ ಹತ್ತು ಹೆಜ್ಜೆ ಮುಂದೆ ಹೋಗದೆ, ಅಲ್ಲೇ ನಿಂತು ಸಂಘದ ವಾಟ್ಸ್ಯಾಪ್ ಗುಂಪಿಗೆ ಬರೆದೆ. "ಸಂಗಮೇಶ್ ಅವರ ಅತ್ತೆ ಶಿವಕ್ಕ ಆಂಟಿ ಸ್ಥಿತಿ ಗಂಭೀರ. ಎಲ್ಲರೂ ಪ್ರಾರ್ಥಿಸಿ."

ನಮ್ಮವರಿಗೆ ಪ್ರಾರ್ಥನೆಗಿಂತ ಶ್ರದ್ಧಾಂಜಲಿ ರೂಢಿ. ನಾಲ್ಕು ನಿಮಿಷದಲ್ಲಿ ನಲವತ್ತೆರಡು 'ಓಂ ಶಾಂತಿ' ಬಂದವು.

ಓಕ್ ಬ್ರೂಕಿನಲ್ಲಿ ಶಿವಕ್ಕ ರೊಟ್ಟಿ ಬಡಿಯುತ್ತಿದ್ದರು. ಯಾರೋ ಕಳಿಸಿಕೊಟ್ಟ ಸಂಘದ ಸಂದೇಶಗಳನ್ನು ಮಗ ರಾಜಶೇಖರ್ ಫೋನಿನಲ್ಲಿ ನೋಡಿ, ತಾಯಿಯನ್ನು ನೋಡಿ, ಮತ್ತೆ ಫೋನ್ ನೋಡಿದ.

"ಅವ್ವಾ, ನೀ ತೀರಿಕೊಂಡಿ ಅಂತ."

"ಯಾವಾಗ?"

"ಈಗ, ಡೆಟ್ರಾಯಿಟಿನಾಗ."

ಶಿವಕ್ಕ ಕೈ ಹಿಟ್ಟು ಜಾಡಿಸಿದರು. "ಯಾರ್ಯಾರ ಏನೇನ ಬರದಾರ, ಓದು."

"ನಬೀಲಾ ಆಂಟಿ 'ಅವರ ಶೇಂಗಾ ಚಟ್ನಿ ಮರೆಯೋಕಾಗಲ್ಲ' ಅಂದಾರ. ಶಿವರಾಮು ಅಂಕಲ್ಲೂ ಚಟ್ನಿನೇ. ಇವರೂ ಚಟ್ನಿ."

"ಬರೇ ಚಟ್ನಿ? ನೂರಾ ಎಂಬತ್ತು ಹೋಳಿಗಿ ತಟ್ಟಿ ಹಾಕೀನಿ ದೀಪಾವಳಿಗೆ. ಒಬ್ಬರಿಗೂ ನೆನಪಿಲ್ಲ? ಹಚ್ಚು ವಿಡಿಯೋ!"

ಫಾರ್ಮಿಂಗ್ಟನ್ ಹಿಲ್ಸಿನಲ್ಲಿ ನಾಲ್ಕನೇ ಕೌದಿ ಬಿದ್ದು, ಬಲೆಯ ಒಂದು ಪಕ್ಕ ಬಿಚ್ಚಿ, ಓಕ್ ಎಲೆ ಸುರಿದು, ಹಸಿರು ದಿಂಡು ಬೆತ್ತಲೆಯಾಗಿ ನಿಂತಿತ್ತು. ಆಂಬುಲೆನ್ಸಿನವನ ಸ್ಟೆತಾಸ್ಕೋಪು ಇನ್ನೂ ಅದರ ಎದೆಯ ಮೇಲೇ ಇತ್ತು. ಆಗ ಸಂಗಮೇಶರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಅತ್ತೀ!" ಎಂದು ಸಂಗಮೇಶ್ ಫೋನನ್ನು ಆಫೀಸರ್ ಮೂಗಿಗೆ ಹಿಡಿದರು. "ಸೀ! ಮೈ ಮದರ್ ಇನ್ ಲಾ! ಅಲೈವ್!"

ಆಫೀಸರ್ ಅನುಮಾನದಿಂದ ನೋಡಿದರು. ಇಂಟರ್‌ನೆಟ್ಟಿನಲ್ಲಿ ಯಾವ ಮುದುಕಿಯನ್ನು ಬೇಕಾದರೂ ತೋರಿಸಬಹುದು. ಅಷ್ಟರಲ್ಲಿ ಡಾರ್ಲೀನ್ ವಾಕರ್ ನೂಕಿಕೊಂಡು ಬಂದರು. ಫೋನಿನಲ್ಲಿದ್ದ ಮುಖ ನೋಡಿದರು. ಕೈ ಬೀಸಿದರು. ಅಲ್ಲಿಂದ ಹಿಟ್ಟಿನ ಕೈಯೊಂದು ಬೀಸಿತು. ಡಾರ್ಲೀನ್ ಅಲ್ಲೇ ವಾಕರಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು.

"ಅಳಿಯಂದ್ರ, ಅಲ್ಲಿ ಬಿದ್ದಿರೂದು ಏನದು?" ಎಂದಿತು ಫೋನು. "ನನ್ನ ಕೌದಿ!"

"ಅತ್ತೀ, ಅದು... ಟಾರ್ಪಾಲು ಕಡಿಮಿ ಬಿತ್ತರಿ..."

"ಜಾನ್ವಿ ಮದವಿಗಂತ ಎರಡು ವರ್ಷ ಕುಂತು ಹೊಲಿದ ಕೌದಿ! ಅದರೊಳಗ ಏನಿತ್ತು, ತೋರಸ್ರಿ ಇತ್ತಾಗ."

ಸಂಗಮೇಶ್ ಫೋನನ್ನು ಬಾಳೆಯ ಕಡೆ ತಿರುಗಿಸಿದರು. ಸೊನ್ನೆ ಡಿಗ್ರಿಯಲ್ಲಿ ಆ ದಿಂಡು ಇನ್ನೂ ಹಸಿರಾಗಿತ್ತು.

"ಅಯ್ಯ ಶಿವನ, ಜೀವ ಐತಲ್ರಿ ಅದರಾಗ! ನೋಡ್ಕೋತ ಏನ್ ನಿಂತೀರಿ ಎಲ್ಲಾರೂ? ಮುಚ್ರಿ!"

"ಕೌದಿ ಹೊಲಸಾಗ್ತಾವರಿ ಅತ್ತಿ."

"ಕೌದಿ ಒಗಿಯಾಕ ಬರ್ತೈತಿ. ಸತ್ತ ಗಿಡ ಒಗದ್ರ ಏಳ್ತೈತೇನು? ಮುಚ್ರಿ ಅಂದೆ!"

ಆಮೇಲೆ ನಡೆದದ್ದನ್ನು ನಾನೇ ಕಣ್ಣಾರೆ ನೋಡಿದ್ದು. ಓಕ್ ಬ್ರೂಕಿನಿಂದ ಶಿವಕ್ಕ ಕನ್ನಡದಲ್ಲಿ ಹುಕುಂ ಕೊಟ್ಟರು, ಸಂಗಮೇಶ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಆಫೀಸರ್ ಬಲೆ ಹಿಡಿದರು, ನಾನು ಎಲೆ ತುಂಬಿದೆ, ಆಂಬುಲೆನ್ಸಿನವರು ಅಪಘಾತದವರಿಗೆ ಹೊದಿಸುವ ಬೆಳ್ಳಿ ಬಣ್ಣದ ಹಾಳೆಯನ್ನು ಮೊದಲು ಸುತ್ತಿ, ಮೇಲೆ ಕೌದಿ ಬಿಗಿದರು. "ಸೊಂಟಕ್ಕ ಬಿಗಿ ಆತು, ಸಡಿಲ ಮಾಡು ಅಂತ ಆ ಉದ್ದಾನ ಹುಡುಗಗ ಹೇಳ್ರಿ" ಎಂದು ಶಿವಕ್ಕ ಗದರಿದರೆ ಆರಡಿ ನಾಲ್ಕಿಂಚಿನ ಕೊವಾಲ್ಸ್ಕಿ "ಯೆಸ್ ಮ್ಯಾಮ್" ಎನ್ನುತ್ತಿದ್ದರು. ಹೊರಡುವ ಮುಂಚೆ ಅವರು ತಮ್ಮ ವರದಿಯಲ್ಲಿ ಏನು ಬರೆಯುವುದೆಂದು ಬಹಳ ಯೋಚಿಸಿ ಬರೆದದ್ದು: "ಮಹಿಳೆ ಸುರಕ್ಷಿತ, ಚಿಕಾಗೋ. ಗಿಡ ಸ್ಥಿರ."

ಅಲ್ಲಿಗೆ ಮುಗಿಯಲಿಲ್ಲ. ವಾರಕ್ಕೆ ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಮನೆ ಮಾಲೀಕರ ಸಮಿತಿಯಿಂದ ನೋಟಿಸ್ ಬಂತು, ಹಿತ್ತಲಲ್ಲಿ ಅನುಮತಿಯಿಲ್ಲದೆ ನಾಲ್ಕಡಿಗಿಂತ ಎತ್ತರದ ಕಟ್ಟಡ ಕಟ್ಟಿದ್ದೀರಿ ಎಂದು. ಸಮಿತಿಯ ಮೂವರು ಬಂದು ಟೇಪು ಹಿಡಿದು ಅಳೆದರು. ಡಾರ್ಲೀನ್ ತಮ್ಮ ವಾಕರನ್ನು ಅವರ ಕಾಲಿನ ಮೇಲೆ ಊರಿ, "ಬಟ್ಟೆ ತೊಟ್ಟಿರುವುದು ಕಟ್ಟಡ ಹೇಗಾಗುತ್ತೆ?" ಎಂದು ಕೇಳಿದರು. ಅವರು ನಿಯಮಾವಳಿಯನ್ನು ಎರಡು ಸಲ ತಿರುವಿ ಟೇಪು ಸುತ್ತಿಕೊಂಡರು. ಹೋದರು.

ಶಿವಕ್ಕ ಏಪ್ರಿಲಿನಲ್ಲಿ ತಿರುಗಿ ಬಂದು ತಾವೇ ಕೌದಿ ಬಿಚ್ಚಿದರು. ದಿಂಡಿನ ಮೇಲ್ಭಾಗ ಕೊಳೆತು ಕೈಗೆ ಅಂಟಿತು. ಸಂಗಮೇಶ್ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಶಿವಕ್ಕ ಕುಡುಗೋಲಿನಿಂದ ಕೊಳೆತದ್ದನ್ನೆಲ್ಲ ಸವರಿ, "ನಡು ಗಟ್ಟಿ ಐತಿ. ನೀವು ಮೊದಲು ಉಣ್ಣಾಕ ಏಳ್ರಿ" ಎಂದರು. ಮೇ ಕೊನೆಗೆ ನಡುವಿನಿಂದ ಸುರುಳಿ ಸುತ್ತಿದ ಎಲೆ ಹೊರಬಂತು. ಬುಡದಲ್ಲಿ ಐದು ಮರಿ ಕಂದು.

ಗಣೇಶನ ಹಬ್ಬಕ್ಕೆ ಸಿಕ್ಕದ್ದು ಇಪ್ಪತ್ಮೂರು ಎಲೆ. ಬಂದವರು ನೂರ ಎಪ್ಪತ್ತು ಜನ. ಹಸಿ ಎಲೆ ಯಾರಿಗೆಂದು ಸಂಘದಲ್ಲಿ ಎರಡು ಬಣವಾಗಿ, ಒಬ್ಬರು ರಾಜೀನಾಮೆ ಕೊಡುವವರೆಗೂ ಹೋಯಿತು. ಕೊನೆಗೆ ಶಿವಕ್ಕ ಬಾಗಿಲಲ್ಲಿ ನಿಂತು, ಡಾರ್ಲೀನ್, ಕೊವಾಲ್ಸ್ಕಿ, ಆಂಬುಲೆನ್ಸಿನ ಇಬ್ಬರು ಮತ್ತು ಮನೆ ಮಾಲೀಕರ ಸಮಿತಿಯ ಮೂವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಹಸಿ ಎಲೆ ಹಾಕಿಸಿದರು. ಸಂತಾಪದಲ್ಲಿ ಚಟ್ನಿ ಎಂದು ಬರೆದವರೆಲ್ಲರಿಗೂ ಷರೀಫ್ ಭಾಯಿಯ ಫ್ರೋಜನ್ ಎಲೆ. ಷರೀಫ್ ಭಾಯಿ ಮಾತ್ರ ಹಸಿ ಎಲೆಗೆ ಕೂತರು. "ಅಣ್ಣಾರ, ನಿಮ್ಮ ಬಾಳಿ ಗೆದ್ದಿತು. ಆದ್ರೂ ನನ್ನ ಫ್ರೀಜರ್ ಮುಚ್ಚೂದಿಲ್ಲ" ಎಂದರು.

ಊಟ ಮಾಡಿದ ಅಮೆರಿಕದವರೆಲ್ಲ ಒಂದೊಂದು ಕಂದು ಕೇಳಿದರು. ಐದು ಸಾಲದೆ ಆನ್‌ಲೈನಲ್ಲಿ ತರಿಸಿಕೊಂಡರು. ನವೆಂಬರಿನಲ್ಲಿ ಶಿವಕ್ಕ ಡಾರ್ಲೀನರ ಮನೆಯಲ್ಲಿ ಹಳೇ ಪರದೆ, ಹಳೇ ಚಾದರ ತರಿಸಿ ಇಡೀ ಬೀದಿಗೆ ಕೌದಿ ಹೊಲಿಯುವುದನ್ನು ಕಲಿಸಿದರು. ಡಿಸೆಂಬರ್ ಹೊತ್ತಿಗೆ ನಮ್ಮ ಸಬ್‌ಡಿವಿಷನ್ನಿನಲ್ಲಿ ಹದಿನಾಲ್ಕು ಅಜ್ಜಿಯರು ಮನೆಗಳ ಮುಂದೆ ಶಾಲು ಹೊದ್ದು, ಹಿಮದಲ್ಲಿ ಹಬೆ ಬಿಡುತ್ತ ನಿಂತಿದ್ದರು.

ಆ ತಿಂಗಳು ಸಂಗಮೇಶರ ಎದುರು ಮನೆ ಮಾರಾಟಕ್ಕೆ ಬಂತು. ಮೈಸೂರಿನ ಕಡೆಯವನಾದ ಬಾಲು ಎಂಬ ಹುಡುಗ ಚಿಕಾಗೋದಿಂದ ಇಲ್ಲಿಗೆ ಕೆಲಸ ಬದಲಾಯಿಸುತ್ತಿದ್ದ. ನಾನೇ ಆ ಮನೆ ಹೇಳಿದ್ದೆ. ಹೆಂಡತಿ ಐಶ್ವರ್ಯ ಮತ್ತು ಊರಿನಿಂದ ಬಂದಿದ್ದ ತಾಯಿಯನ್ನು ಕರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ನೋಡಲು ಬಂದ; ತೋರಿಸಲು ನಾನು ಅಲ್ಲೇ ಕಾಯುತ್ತಿದ್ದೆ. ತಾಯಿ ಕಾರಿನಿಂದ ಒಂದು ಕಾಲು ಕೆಳಗಿಟ್ಟು ಸುತ್ತ ನೋಡಿದರು.

"ಬಾಲೂ, ಯಾರೋ ಅವರೆಲ್ಲ?"

"ಗೊತ್ತಿಲ್ಲಮ್ಮ. ಎಲ್ಲಾ ವಯಸ್ಸಾದೋರ ಹಾಗೆ ಕಾಣ್ತಾರೆ."

"ಪ್ರತಿ ಮನೇಗೂ ಒಬ್ಬೊಬ್ಬರು ಹೊರಗೆ ನಿಂತಿದಾರಲ್ಲೋ!" ತಾಯಿಯ ದನಿ ಇಳಿಯಿತು. ಅವರು ಸೊಸೆಯ ಮುಖ ನೋಡಿದರು. ಸೊಸೆ, "ಮನೆ ಚೆನ್ನಾಗಿದೆ ಅಲ್ವಾ ರೀ?" ಎಂದು ಗಂಡನಿಗೆ ಹೇಳುತ್ತಿದ್ದಳು.

ಶಿವಕ್ಕ ಆ ಹೊತ್ತಿಗೆ ಎಂದಿನಂತೆ ತಲೆತುಂಬ ಶಾಲು ಹೊದ್ದು, ಮೇಲೊಂದು ಕೌದಿ ಸುತ್ತಿಕೊಂಡು, ಮುಂದಿನ ಅಂಗಳದ ಹೊಸ ಬಾಳೆಯ ಪಕ್ಕ ಸೂರ್ಯನಿಗೆ ಮುಖ ಮಾಡಿ ನಿಂತಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ಅವರಿಗೆ ಎಲ್ಲಿಲ್ಲದ ಸಂತೋಷವಾಯಿತು. ಹಿಮ ತುಳಿಯುತ್ತ ನೇರವಾಗಿ ಕಾರಿನ ಕಡೆ ನಡೆದು ಬಂದು, ಬಾಯಿಂದ ಹಬೆ ಬಿಡುತ್ತ, "ಬರ್ರೀ ಅಕ್ಕಾರ, ನೀವೂ ಇಲ್ಲೇ ಬರ್ತೀರೇನು? ಜಾಗಾ ಐತಿ!" ಎಂದರು.

ಬಾಲುವಿನ ತಾಯಿ ಹೊರಗಿಟ್ಟಿದ್ದ ಕಾಲನ್ನು ಒಳಗೆಳೆದುಕೊಂಡು ಬಾಗಿಲು ಲಾಕ್ ಮಾಡಿದರು. ಬಾಲು, ಐಶ್ವರ್ಯ ಇಬ್ಬರೂ ಇನ್ನೂ ಹೊರಗೇ ಇದ್ದರು. ಅವರು ಎಷ್ಟು ಬಡಿದರೂ, ನಾನು ಎಷ್ಟು ವಿವರಿಸಿದರೂ, ಮಗ ಮೈಸೂರಿಗೆ ವಾಪಸ್ಸು ಟಿಕೆಟ್ ಬುಕ್ ಮಾಡಿದ್ದನ್ನು ಕಿಟಕಿಯ ಗಾಜಿಗೆ ಹಿಡಿದು ತೋರಿಸುವವರೆಗೂ ಆ ತಾಯಿ ಬಾಗಿಲು ತೆಗೆಯಲಿಲ್ಲ.